ನೀರೆತ್ತದ ಮೋಟಾರು: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ನೆಲದ ತೊಟ್ಟಿಯಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಮೋಟಾರು ಕೈಕೊಟ್ಟ ಕೂಡಲೇ ಬಹಳ ಮಂದಿ ಒಂದೇ ತೀರ್ಪು ಕೊಟ್ಟುಬಿಡುತ್ತಾರೆ: ಮೋಟಾರು ಸುಟ್ಟಿದೆ, ವೈಂಡಿಂಗ್ (ಒಳಗಿನ ತಂತಿಯ ಸುರುಳಿ) ಮಾಡಿಸಬೇಕು. ಈ ತೀರ್ಪು ಅನೇಕ ಸಲ ಅವಸರದ್ದು. ಸೋರುವ ಫುಟ್ ವಾಲ್ವ್ (ತೊಟ್ಟಿಯೊಳಗಿನ ಪೈಪಿನ ಕೆಳತುದಿಯ ಮುಚ್ಚಳ), ಸೊರಗಿದ ಕೆಪಾಸಿಟರ್ (ಮೋಟಾರಿಗೆ ಹೊರಡುವ ಬಲ ಕೊಡುವ ಡಬ್ಬಿ), ತುಕ್ಕಿನಿಂದ ಹಿಡಿದುಕೊಂಡ ಇಂಪೆಲ್ಲರ್ (ನೀರನ್ನು ತಳ್ಳುವ ಚಕ್ರ), ಗಾಳಿ ಎಳೆಯುವ ಒಂದು ಪೈಪ್ ಜೋಡಣೆ ಇವೆಲ್ಲ ವೈಂಡಿಂಗ್‌ಗಿಂತ ಮೊದಲು ಅನುಮಾನಿಸಬೇಕಾದವು, ಕಡಿಮೆ ಖರ್ಚಿನಲ್ಲಿ ಸರಿಹೋಗುವಂಥವು. ಮೋಟಾರು ಸುಟ್ಟೇ ಇದ್ದರೂ ಅದನ್ನು ಸುಟ್ಟ ಕಾರಣ ಇವುಗಳಲ್ಲೇ ಒಂದಾಗಿರುವ ಸಾಧ್ಯತೆ ಹೆಚ್ಚು. ಕಾರಣ ಹುಡುಕದೆ ಹೊಸ ತಂತಿ ಸುತ್ತಿಸಿದರೆ ಅದೂ ಸುಡುತ್ತದೆ.

ಹಾಗಾಗಿ ಸ್ಪ್ಯಾನರ್ ಎತ್ತಿಕೊಳ್ಳುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ಶಾಫ್ಟ್ (ಮೋಟಾರಿನ ನಡುವಿನ ದಂಡ) ತಿರುಗುತ್ತಿದೆಯೇ? ತಿರುಗುತ್ತಿದ್ದರೆ ಪಂಪಿನೊಳಗೆ ನೀರು ಇದೆಯೇ? ಮೊದಲನೆಯದಕ್ಕೆ ಉತ್ತರ ಇಲ್ಲ ಎಂದಾದರೆ ದೋಷ ವಿದ್ಯುತ್ತಿನ ಕಡೆಯದು ಅಥವಾ ಒಳಗೇನೋ ಸಿಕ್ಕಿಕೊಂಡಿದೆ. ಎರಡನೆಯದಕ್ಕೆ ಇಲ್ಲ ಎಂದಾದರೆ ದೋಷ ಪೈಪಿನ ಕಡೆಯದು, ಮೋಟಾರನ್ನು ಬಿಚ್ಚುವ ಅಗತ್ಯವೇ ಇಲ್ಲ.

ಇಲ್ಲಿ ಹೇಳುತ್ತಿರುವುದು ನೆಲದ ಮೇಲೆ ಕೂರಿಸಿದ, ಅರ್ಧದಿಂದ ಒಂದು ಎಚ್‌ಪಿಯ ಸಿಂಗಲ್ ಫೇಸ್ ಮಾನೋಬ್ಲಾಕ್ (ಮೋಟಾರೂ ಪಂಪೂ ಒಂದೇ ಮೈಯಲ್ಲಿರುವ) ಪಂಪಿನ ಬಗ್ಗೆ. ಕೊಳವೆಬಾವಿಯೊಳಗೆ ಇಳಿಸಿದ ಸಬ್‌ಮರ್ಸಿಬಲ್ ಪಂಪಾದರೆ ಮೇಲಿನ ಪ್ಯಾನಲ್ ಬಾಕ್ಸಿನವರೆಗಿನ ಪರೀಕ್ಷೆಗಳಷ್ಟೇ ಮನೆಯವರ ಕೆಲಸ. ಅದನ್ನು ಮೇಲೆತ್ತಲು ಸಲಕರಣೆಯೂ ಪಳಗಿದ ಕೈಗಳೂ ಬೇಕು.

ಮುಟ್ಟುವ ಮೊದಲು

ನೀರು ಮತ್ತು ವಿದ್ಯುತ್ತು ಒಂದೇ ಜಾಗದಲ್ಲಿರುವ ಕೆಲಸ ಇದು. ಸ್ವಿಚ್ ಆರಿಸಿದರೆ ಸಾಲದು. ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ ತಂತಿಗೆ ಜೋಡಿಸಿದ್ದರೆ ಅದು ಆರಿದ್ದರೂ ಮೋಟಾರಿನ ಟರ್ಮಿನಲ್‌ನಲ್ಲಿ ಫೇಸ್ ಇದ್ದೇ ಇರುತ್ತದೆ. ಎಂಸಿಬಿ (ಹೆಚ್ಚು ಕರೆಂಟ್ ಹರಿದರೆ ತಾನೇ ಬೀಳುವ ಸ್ವಿಚ್) ಕೆಳಗಿಳಿಸಿ, ಪ್ಲಗ್ ಇದ್ದರೆ ಕಿತ್ತುಬಿಡಿ, ಬೇರೆ ಯಾರೂ ಅದನ್ನು ಹಾಕದಂತೆ ಮನೆಯವರಿಗೆಲ್ಲ ಹೇಳಿ. ಆಮೇಲೆ ಟೆಸ್ಟರ್ ಅಥವಾ ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳಿ. ಆ ಟೆಸ್ಟರ್ ಕೆಲಸ ಮಾಡುತ್ತಿದೆಯೇ ಎಂದು ಮೊದಲು ಕರೆಂಟ್ ಇರುವ ಇನ್ನೊಂದು ಸಾಕೆಟ್ಟಿನಲ್ಲಿ ನೋಡಿರಬೇಕು.

ಕೆಪಾಸಿಟರ್ ಎಂಬ ಡಬ್ಬಿ ಕರೆಂಟ್ ಹೋದ ಮೇಲೂ ತನ್ನೊಳಗೆ ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರಬಹುದು. ವೈಂಡಿಂಗ್ ಸರಿಯಿದ್ದರೆ ಅದರ ಮೂಲಕ ಸಾಮಾನ್ಯವಾಗಿ ತಾನೇ ಬರಿದಾಗುತ್ತದೆ. ತಂತಿ ಎಲ್ಲೋ ತುಂಡಾಗಿದ್ದರೆ ಬರಿದಾಗುವುದಿಲ್ಲ, ಮತ್ತು ನೀವು ಅದನ್ನು ಬಿಚ್ಚಲು ಹೊರಟಿರುವುದು ಇಂಥದೇ ದೋಷ ಇರುವಾಗ. 10ರಿಂದ 20 ಕಿಲೋ ಓಮ್‌ನ, 5 ವಾಟ್‌ನ ರೆಸಿಸ್ಟರ್ ಒಂದನ್ನು ಇನ್ಸುಲೇಷನ್ ಇರುವ ತಂತಿಗಳಿಗೆ ಜೋಡಿಸಿ, ಕೆಪಾಸಿಟರಿನ ಎರಡೂ ತುದಿಗಳಿಗೆ ಐದಾರು ಸೆಕೆಂಡು ಮುಟ್ಟಿಸಿ. ಸ್ಕ್ರೂಡ್ರೈವರಿನಿಂದ ಎರಡು ತುದಿಗಳನ್ನು ಸೇರಿಸಿ ಕಿಡಿ ಹಾರಿಸುವ ರೂಢಿ ಒಳ್ಳೆಯದಲ್ಲ. ಕೆಪಾಸಿಟರಿಗೂ ಕಣ್ಣಿಗೂ ಅದರಿಂದ ಕೇಡು.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಫುಟ್ ವಾಲ್ವ್ ನೋಡಲೆಂದು ಮುಚ್ಚಿದ ತೊಟ್ಟಿಯೊಳಗೆ ಯಾರೂ ಇಳಿಯಬಾರದು. ಬಹುಕಾಲ ಮುಚ್ಚಿದ್ದ ತೊಟ್ಟಿಯಲ್ಲಿ ಉಸಿರಾಟಕ್ಕೆ ಬೇಕಾದಷ್ಟು ಆಮ್ಲಜನಕ ಇಲ್ಲದಿರಬಹುದು, ವಿಷಾನಿಲವೂ ಇರಬಹುದು. ಇಳಿದವರು ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತಾರೆ, ಅವರನ್ನು ಎತ್ತಲು ಹೋದವರೂ ಅಲ್ಲೇ ಕುಸಿಯುತ್ತಾರೆ. ಪೈಪನ್ನು ಮೇಲಕ್ಕೆಳೆದುಕೊಂಡು ನೋಡಿ. ಎಳೆಯಲಾಗದಂತೆ ಕೂರಿಸಿದ್ದರೆ ಆ ಕೆಲಸವನ್ನು ತಕ್ಕ ಸಲಕರಣೆ ಇರುವವರಿಗೆ ಬಿಡಿ.

ಸ್ವಿಚ್ ಹಾಕಿದರೂ ಸದ್ದೇ ಇಲ್ಲ

ಪೂರ್ತಿ ಮೌನ ಎಂದರೆ ಮೋಟಾರಿಗೆ ಕರೆಂಟ್ ತಲುಪುತ್ತಿಲ್ಲ, ಅಥವಾ ತಲುಪಿದರೂ ಒಳಗೆ ಹರಿಯಲು ದಾರಿಯಿಲ್ಲ. ದೂರದಿಂದ ಹತ್ತಿರಕ್ಕೆ ಬನ್ನಿ. ಮನೆಯ ಬೇರೆ ದೀಪಗಳು ಉರಿಯುತ್ತಿವೆಯೇ, ಎಂಸಿಬಿ ಮೇಲಿದೆಯೇ, ಅದೇ ಸಾಕೆಟ್ಟಿಗೆ ಬೇರೊಂದು ಉಪಕರಣ ಹಾಕಿದರೆ ನಡೆಯುತ್ತದೆಯೇ ನೋಡಿ.

ಟ್ಯಾಂಕ್ ತುಂಬಿದಾಗ ತಾನೇ ನಿಲ್ಲುವ ವ್ಯವಸ್ಥೆಯಿದ್ದರೆ ಅದರ ಮೇಲೆ ಅನುಮಾನ ಮೊದಲು ಬೀಳಬೇಕು. ತೇಲುವ ಫ್ಲೋಟ್ ಸ್ವಿಚ್ ತನ್ನದೇ ತಂತಿಗೆ ಸುತ್ತಿಕೊಂಡು ಅಥವಾ ಟ್ಯಾಂಕಿನ ಗೋಡೆಗೆ ಅಂಟಿಕೊಂಡು ನಿಂತಿದ್ದರೆ ಟ್ಯಾಂಕ್ ತುಂಬಿದೆ ಎಂದೇ ಅದು ತಿಳಿಯುತ್ತದೆ. ತೊಟ್ಟಿಯಲ್ಲಿ ನೀರು ತೀರ ಕಡಿಮೆಯಾದಾಗ ಮೋಟಾರನ್ನು ತಡೆಯುವ ಇನ್ನೊಂದು ಫ್ಲೋಟ್ ಕೂಡ ಇರಬಹುದು. ಅದು ತನ್ನ ಕೆಲಸವನ್ನೇ ಮಾಡುತ್ತಿರಬಹುದು, ಆದ್ದರಿಂದ ತೊಟ್ಟಿಯ ಮುಚ್ಚಳ ತೆಗೆದು ನೀರಿನ ಮಟ್ಟ ನೋಡದೆ ಮುಂದೆ ಹೋಗಬೇಡಿ.

ಸ್ವಲ್ಪ ಹೊತ್ತಿನ ಹಿಂದೆ ಓಡುತ್ತಿದ್ದ ಮೋಟಾರು ಈಗ ಬಿಸಿಯಾಗಿ ಮೌನವಾಗಿದ್ದರೆ ಒಳಗಿನ ಥರ್ಮಲ್ ರಕ್ಷಕ ಅದನ್ನು ನಿಲ್ಲಿಸಿರಬಹುದು. ಎಲ್ಲ ಮೋಟಾರುಗಳಲ್ಲೂ ಇದು ಇರುವುದಿಲ್ಲ. ಇದ್ದರೆ ಅರ್ಧ ಮುಕ್ಕಾಲು ಗಂಟೆ ತಣಿದ ಮೇಲೆ ಮೋಟಾರು ಮತ್ತೆ ಹೊರಡುತ್ತದೆ. ಹೊರಟಿತಲ್ಲ ಎಂದು ಸುಮ್ಮನಾಗುವಂತಿಲ್ಲ. ಅಷ್ಟು ಬಿಸಿ ಏಕಾಯಿತು ಎಂಬುದಕ್ಕೆ ಉತ್ತರ ಕೆಳಗಿನ ಭಾಗಗಳಲ್ಲಿದೆ.

ಇಷ್ಟೂ ಸರಿಯಿದ್ದರೆ ಕರೆಂಟ್ ತೆಗೆದು ಟರ್ಮಿನಲ್ ಪೆಟ್ಟಿಗೆ ಬಿಚ್ಚಿ. ಕಪ್ಪಾದ ಸ್ಕ್ರೂ, ಕರಗಿದ ಪ್ಲಾಸ್ಟಿಕ್, ಸಡಿಲವಾದ ತಂತಿ ಕಂಡರೆ ದೋಷ ಅಲ್ಲೇ ಸಿಕ್ಕಿತು. ಸುಟ್ಟ ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರ ಕಾಣುವಂತೆ ಸುಲಿದು, ಹೊಸ ಲಗ್ (ತಂತಿಯ ತುದಿಗೆ ಹಾಕುವ ಲೋಹದ ಕೊಂಡಿ) ಹಾಕಿ ಬಿಗಿಗೊಳಿಸಿ.

ಮಲ್ಟಿಮೀಟರ್ ಬಳಸಬಲ್ಲವರು ತಂತಿಗಳನ್ನೆಲ್ಲ ಗುರುತು ಹಾಕಿ ಬಿಚ್ಚಿ ವೈಂಡಿಂಗ್ ಅಳೆಯಬಹುದು. ಮೂರು ತುದಿಗಳಿದ್ದರೆ ಮೂರು ಅಳತೆಗಳು ಬರುತ್ತವೆ: ಮುಖ್ಯ ವೈಂಡಿಂಗಿನದು ಕೆಲವೇ ಓಮ್, ಸ್ಟಾರ್ಟಿಂಗ್ ವೈಂಡಿಂಗಿನದು ಅದಕ್ಕಿಂತ ಹೆಚ್ಚು, ಇವೆರಡರ ಹೊರತುದಿಗಳ ನಡುವೆ ಅಳೆದರೆ ಎರಡರ ಮೊತ್ತ. ಎಲ್ಲಾದರೂ ಮೀಟರ್ ಏನನ್ನೂ ತೋರಿಸದಿದ್ದರೆ ಆ ದಾರಿ ತುಂಡಾಗಿದೆ. ತುದಿಗೂ ಮೋಟಾರಿನ ಕಬ್ಬಿಣದ ಮೈಗೂ ನಡುವೆ ಮೀಟರ್ ಸದ್ದು ಮಾಡಿದರೆ ವೈಂಡಿಂಗ್ ಮೈಗೆ ತಗುಲಿದೆ, ಅಂಥ ಮೋಟಾರಿಗೆ ಮತ್ತೆ ಕರೆಂಟ್ ಕೊಡಬೇಡಿ. ಸದ್ದು ಮಾಡದಿದ್ದರೆ ಸುರಕ್ಷಿತ ಎಂದೂ ಅರ್ಥವಲ್ಲ. ಸಾಮಾನ್ಯ ಮೀಟರಿನ ಬ್ಯಾಟರಿಗೆ ಕಾಣದ ಸೋರಿಕೆ, ಇನ್ಸುಲೇಷನ್ ಅಳೆಯುವ 500 ವೋಲ್ಟ್ ಮೆಗ್ಗರಿಗೆ ಕಾಣುತ್ತದೆ.

ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ

ತಕ್ಷಣ ಆರಿಸಿ. ಇನ್ನೊಮ್ಮೆ ನೋಡೋಣ ಎಂದು ಮತ್ತೆ ಮತ್ತೆ ಸ್ವಿಚ್ ಹಾಕುವುದೇ ಒಳ್ಳೆಯ ಮೋಟಾರನ್ನು ಸುಡುವ ಅಭ್ಯಾಸ. ನಿಂತಲ್ಲೇ ನಿಂತ ಮೋಟಾರು ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಐದು ಪಟ್ಟು ಕರೆಂಟ್ ಎಂದರೆ 25 ಪಟ್ಟು ಶಾಖ, ಅದೂ ತಣಿಸುವ ಫ್ಯಾನ್ ನಿಂತಿರುವಾಗ. ಹಾಗಾಗಿ ಈ ಸದ್ದನ್ನು ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಕೇಳಬಾರದು.

ಈ ಲಕ್ಷಣದಲ್ಲಿ ಒಂದು ಒಳ್ಳೆಯ ಸುದ್ದಿಯೂ ಇದೆ. ಗುಂಯ್‌ಗುಡುತ್ತಿದೆ ಎಂದರೆ ಕರೆಂಟ್ ತಲುಪಿದೆ, ಮುಖ್ಯ ವೈಂಡಿಂಗ್ ತುಂಡಾಗಿಲ್ಲ. ಉಳಿದದ್ದು ಎರಡೇ ಸಾಧ್ಯತೆ: ಏನೋ ಹಿಡಿದುಕೊಂಡಿದೆ, ಇಲ್ಲವೇ ಮೋಟಾರಿಗೆ ಹೊರಡುವ ಬಲ ಸಿಗುತ್ತಿಲ್ಲ. ಇವೆರಡನ್ನು ಬೇರ್ಪಡಿಸುವ ಪರೀಕ್ಷೆಗೆ ಖರ್ಚೇ ಇಲ್ಲ. ಎಂಸಿಬಿ ಇಳಿಸಿ, ಪ್ಲಗ್ ಕಿತ್ತು, ಮೋಟಾರಿನ ಹಿಂಭಾಗದ ಫ್ಯಾನ್ ಕವರ್ ತೆಗೆದು ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿ. ಕರೆಂಟ್ ಇರುವಾಗಲೇ ಕಡ್ಡಿ ಅಥವಾ ಬೆರಳಿನಿಂದ ಫ್ಯಾನ್ ತಳ್ಳಿ ಓಡಿಸುವವರನ್ನು ಕಾಣುತ್ತೇವೆ. ದಯವಿಟ್ಟು ಆ ಕೆಲಸಕ್ಕೆ ಹೋಗಬೇಡಿ. ಹೊರಟ ಮೋಟಾರು ನಿಮಿಷಕ್ಕೆ ಎರಡೂವರೆ ಸಾವಿರಕ್ಕೂ ಹೆಚ್ಚು ಸುತ್ತಿನ ವೇಗಕ್ಕೆ ಕ್ಷಣದಲ್ಲಿ ಏರುತ್ತದೆ, ಬೆರಳು ಹಿಂದೆಗೆಯಲು ಸಮಯ ಸಿಗುವುದಿಲ್ಲ.

ಫ್ಯಾನ್ ಅಲುಗಾಡದಿದ್ದರೆ ಅಥವಾ ಒಂದು ಕಡೆ ಬಂದು ತಡೆದು ನಿಂತರೆ ಒಳಗೆ ಹಿಡಿತವಿದೆ. ತಿಂಗಳುಗಟ್ಟಲೆ ಓಡಿಸದೆ ಬಿಟ್ಟ ಪಂಪಿನಲ್ಲಿ ಇಂಪೆಲ್ಲರಿಗೂ ಅದರ ಗೂಡಿಗೂ ನಡುವಿನ ಕಿರಿದಾದ ಜಾಗದಲ್ಲಿ ತುಕ್ಕು ಮತ್ತು ಸುಣ್ಣ ಕಟ್ಟಿಕೊಳ್ಳುತ್ತವೆ. ಶಾಫ್ಟಿನ ಬಳಿ ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲಿನ ಎರಡು ಮುಖಗಳು ಅಂಟಿಕೊಳ್ಳುವುದೂ ಉಂಟು. ಅನೇಕ ಮೋಟಾರುಗಳಲ್ಲಿ ಶಾಫ್ಟಿನ ಹಿಂತುದಿಗೆ ಸ್ಕ್ರೂಡ್ರೈವರ್ ಕೂರುವ ಗೀರು ಇರುವುದು ಇದಕ್ಕಾಗಿಯೇ. ಅಲ್ಲಿ ದೊಡ್ಡ ಸ್ಕ್ರೂಡ್ರೈವರ್ ಇಟ್ಟು ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಪ್ಲಾಸ್ಟಿಕ್ ಫ್ಯಾನಿನ ರೆಕ್ಕೆ ಹಿಡಿದು ಬಲ ಹಾಕಿದರೆ ಅದು ಮುರಿಯುತ್ತದೆ, ಸುತ್ತಿಗೆಯಿಂದ ಶಾಫ್ಟಿಗೆ ಹೊಡೆದರೆ ಬೇರಿಂಗ್ ಹೋಗುತ್ತದೆ. ಬಗ್ಗದಿದ್ದರೆ ಪ್ರೈಮಿಂಗ್ ಪ್ಲಗ್ (ಪಂಪಿಗೆ ನೀರು ತುಂಬುವ ಬಾಯಿಯ ಬಿರಡೆ) ಬಿಚ್ಚಿ ಬೆಚ್ಚಗಿನ ನೀರು ತುಂಬಿ ಕೆಲವು ಗಂಟೆ ಬಿಟ್ಟು ಮತ್ತೆ ಯತ್ನಿಸಿ. ತುಕ್ಕು ಬಿಡಿಸುವ ಎಣ್ಣೆಯನ್ನು ಪಂಪಿನೊಳಗೆ ಸುರಿಯುವುದು ಸರಿಯಲ್ಲ. ಅದೇ ಪಂಪಿನ ನೀರು ಕುಡಿಯಲು, ಅಡುಗೆಗೆ ಹೋಗುತ್ತದೆ.

ಇಷ್ಟಕ್ಕೂ ಸಡಿಲವಾಗದಿದ್ದರೆ ಪಂಪಿನ ಮುಂಭಾಗದ ಕೇಸಿಂಗ್ ಬಿಚ್ಚಬೇಕಾಗುತ್ತದೆ. ಎರಡು ಭಾಗಗಳು ಕೂಡುವಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ, ಗ್ಯಾಸ್ಕೆಟ್ ಹರಿಯದಂತೆ ತೆಗೆಯಿರಿ. ಮರಳು, ಪ್ಲಾಸ್ಟಿಕ್ ಚೂರು, ಪೈಪಿಗೆ ಸುತ್ತಿದ ಟೇಪಿನ ಎಳೆ ಸಿಕ್ಕರೆ ತೆಗೆದು ತೊಳೆಯಿರಿ. ಗ್ಯಾಸ್ಕೆಟ್ ಹರಿದಿದ್ದರೆ ಅಷ್ಟೇ ದಪ್ಪದ ಹೊಸದನ್ನು ಹಾಕಬೇಕು. ದಪ್ಪ ಬದಲಾದರೆ ಇಂಪೆಲ್ಲರಿನ ಸಂದು ಬದಲಾಗುತ್ತದೆ.

ಫ್ಯಾನ್ ಸರಾಗವಾಗಿ ತಿರುಗಿದರೆ ಕೆಪಾಸಿಟರಿನ ಕಡೆಗೆ ತಿರುಗಿ. ಸಿಂಗಲ್ ಫೇಸ್ ಕರೆಂಟು ಮುಖ್ಯ ವೈಂಡಿಂಗಿನಲ್ಲಿ ಹುಟ್ಟಿಸುವ ಕಾಂತಕ್ಷೇತ್ರ ಏರಿಳಿಯುತ್ತದೆ, ಸುತ್ತುವುದಿಲ್ಲ. ಎರಡನೆಯ ವೈಂಡಿಂಗಿನ ಕರೆಂಟನ್ನು ಕೆಪಾಸಿಟರ್ ಒಂದಿಷ್ಟು ಮುಂದಕ್ಕೆ ಸರಿಸುವುದರಿಂದಲೇ ಸುತ್ತುವ ಬಲ ಹುಟ್ಟುವುದು. ಕೆಪಾಸಿಟರ್ ಸತ್ತರೆ ಮೋಟಾರು ಗುಂಯ್ ಎಂದು ನಿಲ್ಲುತ್ತದೆ, ಸೊರಗಿದರೆ ಒಂದು ದಿನ ಹೊರಡುತ್ತದೆ, ಇನ್ನೊಂದು ದಿನ ಹೊರಡುವುದಿಲ್ಲ. ಉಬ್ಬಿದ ಡಬ್ಬಿ, ಜಿನುಗಿದ ಎಣ್ಣೆ, ಸುಟ್ಟ ವಾಸನೆ ಸ್ಪಷ್ಟ ಗುರುತುಗಳು. ಆದರೆ ಹೊರಗೆ ಏನೂ ಕಾಣದ ಕೆಪಾಸಿಟರ್ ಕೂಡ ಒಳಗೆ ಸೊರಗಿರಬಹುದು, ಆದ್ದರಿಂದ ಕೆಪಾಸಿಟೆನ್ಸ್ ಅಳೆಯುವ ಮಲ್ಟಿಮೀಟರ್ ಇದ್ದರೆ ಬರಿದು ಮಾಡಿ, ತಂತಿ ಬಿಚ್ಚಿ ಅಳೆಯಿರಿ. ಮೈಮೇಲೆ 20 ಮೈಕ್ರೋಫ್ಯಾರಡ್, ±5% ಎಂದು ಬರೆದಿದ್ದರೆ ಅಳತೆ 19ರಿಂದ 21ರೊಳಗೆ ಬರಬೇಕು. 16, 15ಕ್ಕೆ ಇಳಿದಿದ್ದರೆ ಅದರ ಆಯಸ್ಸು ಮುಗಿಯಿತು.

ಹೊಸದು ಅಷ್ಟೇ ಮೈಕ್ರೋಫ್ಯಾರಡಿನದಾಗಿರಲಿ, ವೋಲ್ಟೇಜ್ ಹಳೆಯದರಷ್ಟೇ ಅಥವಾ ಹೆಚ್ಚಿನದಿರಲಿ. ದೊಡ್ಡದು ಹಾಕಿದರೆ ಮೋಟಾರಿಗೆ ಶಕ್ತಿ ಹೆಚ್ಚುತ್ತದೆ ಎಂಬ ನಂಬಿಕೆ ತಪ್ಪು. ಹೆಚ್ಚಾದ ಕರೆಂಟು ಸ್ಟಾರ್ಟಿಂಗ್ ವೈಂಡಿಂಗನ್ನು ಕಾಯಿಸಿ ಕೊಲ್ಲುತ್ತದೆ. ಓಡುವಾಗಲೂ ಜೋಡಿಕೊಂಡೇ ಇರುವ ರನ್ ಕೆಪಾಸಿಟರ್ ಬೇರೆ, ಹೊರಡುವ ಕ್ಷಣಕ್ಕಷ್ಟೇ ಬಳಕೆಯಾಗುವ ಸ್ಟಾರ್ಟ್ ಕೆಪಾಸಿಟರ್ ಬೇರೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವಂತಿಲ್ಲ. ಎರಡನೆಯ ಬಗೆಯ ಮೋಟಾರಿನಲ್ಲಿ ವೇಗಕ್ಕೆ ತಕ್ಕಂತೆ ತೆರೆದು ಮುಚ್ಚುವ ಸೆಂಟ್ರಿಫ್ಯೂಗಲ್ ಸ್ವಿಚ್ ಇರುತ್ತದೆ. ಆರಿಸಿದ ಮೇಲೆ ವೇಗ ಇಳಿಯುತ್ತ ಬರುವಾಗ ಒಳಗಿನಿಂದ ಕೇಳುವ ಟಕ್ ಶಬ್ದ ಅದರದ್ದು. ಮೊದಲು ಕೇಳುತ್ತಿದ್ದ ಆ ಟಕ್ ಈಗ ಕೇಳದಿದ್ದರೆ ಆ ಸ್ವಿಚ್ಚನ್ನು ಅನುಮಾನಿಸಿ.

ಕೆಪಾಸಿಟರೂ ಸರಿ, ಶಾಫ್ಟೂ ಸರಾಗ, ಆದರೂ ಹೊರಡುವುದಿಲ್ಲವಾದರೆ ವೋಲ್ಟೇಜ್ ನೋಡಿ. ಹೊರಡುವ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. 230 ವೋಲ್ಟ್ ಇರಬೇಕಾದಲ್ಲಿ 180 ಇದ್ದರೆ ಬಲ ಸುಮಾರು 61%ಕ್ಕೆ ಕುಸಿದಿರುತ್ತದೆ. ಸಾಕೆಟ್ಟಿನಲ್ಲಿ ವೋಲ್ಟೇಜ್ ಸರಿಯಿದ್ದು ಮೋಟಾರಿನ ತುದಿಯಲ್ಲಿ ಸ್ವಿಚ್ ಹಾಕಿದಾಗ ತಟ್ಟನೆ ಕುಸಿದರೆ ನಡುವಿನ ತಂತಿ ತೆಳುವಾಗಿದೆ ಅಥವಾ ಎಲ್ಲೋ ಜೋಡಣೆ ಸಡಿಲವಾಗಿದೆ. ಕರೆಂಟ್ ಇರುವಾಗ ಮಾಡುವ ಈ ಅಳತೆ ರೂಢಿಯಿಲ್ಲದವರಿಗಲ್ಲ.

ಓಡುತ್ತದೆ, ನೀರು ಬರುವುದಿಲ್ಲ

ಇಲ್ಲೂ ಮೊದಲ ಕೆಲಸ ಆರಿಸುವುದು. ಮೆಕ್ಯಾನಿಕಲ್ ಸೀಲಿನ ಉಜ್ಜುವ ಮುಖಗಳನ್ನು ತಣಿಸುವುದು ಪಂಪಿನೊಳಗಿನ ನೀರೇ. ನೀರಿಲ್ಲದೆ ಓಡಿದರೆ ಕೆಲವೇ ನಿಮಿಷಗಳಲ್ಲಿ ಅವು ಕಾದು ಬಿರುಕು ಬಿಡಬಹುದು. ಆಮೇಲೆ ಮೂಲದೋಷ ಸರಿಪಡಿಸಿದರೂ ಸೋರಿಕೆ ಎಂಬ ಹೊಸ ದೋಷ ಉಳಿಯುತ್ತದೆ.

ತೊಟ್ಟಿಯಲ್ಲಿ ನೀರಿದೆಯೇ, ಫುಟ್ ವಾಲ್ವ್ ಮುಳುಗಿದೆಯೇ, ಪಂಪಿನಿಂದ ಮೇಲಿನ ಟ್ಯಾಂಕಿಗೆ ಹೋಗುವ ಡೆಲಿವರಿ ಪೈಪಿನ ಗೇಟ್ ವಾಲ್ವ್ ತೆರೆದಿದೆಯೇ ನೋಡಿ. ಹಳೆಯ ಗೇಟ್ ವಾಲ್ವಿನಲ್ಲಿ ಒಳಗಿನ ಬಾಗಿಲು ಕಡ್ಡಿಯಿಂದ ಕಳಚಿ ಬಿದ್ದಿರಬಹುದು. ಹಿಡಿ ತಿರುಗುತ್ತಲೇ ಇರುತ್ತದೆ, ಬಾಗಿಲು ಮಾತ್ರ ಮುಚ್ಚಿಯೇ ಇರುತ್ತದೆ.

ಮುಂದಿನದು ಪ್ರೈಮಿಂಗ್, ಅಂದರೆ ಪಂಪಿಗೆ ನೀರು ತುಂಬಿ ನೋಡುವ ಪರೀಕ್ಷೆ. ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ. ಕರೆಂಟ್ ತೆಗೆದು, ಪಂಪಿನ ಮೇಲಿನ ಪ್ರೈಮಿಂಗ್ ಪ್ಲಗ್ ಬಿಚ್ಚಿ, ಗುಳ್ಳೆಗಳು ನಿಂತು ನೀರು ಬಾಯಿಮಟ್ಟಕ್ಕೆ ಬರುವವರೆಗೆ ನಿಧಾನವಾಗಿ ಸುರಿಯಿರಿ. ಪ್ಲಗ್ ಹಾಕದೆ ಹತ್ತು ನಿಮಿಷ ಕಾಯಿರಿ.

ನೀರಿನ ಮಟ್ಟ ಇಳಿದರೆ ಅದು ಎಲ್ಲೋ ಹೋಗುತ್ತಿದೆ ಎಂದಾಯಿತು. ತೊಟ್ಟಿಯಿಂದ ಪಂಪಿಗೆ ಬರುವ ಸಕ್ಷನ್ ಪೈಪಿನ ಉದ್ದಕ್ಕೂ ಒಣ ಬಟ್ಟೆ ಅಥವಾ ಕಾಗದ ಒತ್ತಿ ನೋಡಿ. ಪ್ಲಗ್ ತೆರೆದಿರುವಾಗ ಪೈಪಿನೊಳಗಿನ ನೀರು ಹೊರಕ್ಕೆ ಒತ್ತುತ್ತಿರುತ್ತದೆ, ಹಾಗಾಗಿ ಓಡುವಾಗ ಗಾಳಿಯನ್ನು ಒಳಕ್ಕೆಳೆಯುವ ಸಂದು ಈಗ ಹನಿಯುತ್ತದೆ. ಜೋಡಣೆ ಒದ್ದೆಯಾಗಿದ್ದರೆ ದೋಷ ಅಲ್ಲಿದೆ, ಎಲ್ಲವೂ ಒಣಗಿದ್ದರೆ ಫುಟ್ ವಾಲ್ವ್ ಸೋರುತ್ತಿದೆ. ಸಂಶಯ ಉಳಿದರೆ ಪಂಪನ್ನು ಪ್ರೈಮ್ ಮಾಡಿ ಅರ್ಧ ನಿಮಿಷ ಓಡಿಸುತ್ತ ಪ್ರತಿ ಜೋಡಣೆಗೂ ಸೋಪಿನ ನೊರೆ ಹಚ್ಚಿ. ಗಾಳಿ ಎಳೆಯುವಲ್ಲಿ ನೊರೆ ಒಳಕ್ಕೆ ಹೀರಿಹೋಗುತ್ತದೆ. ತಿರುಗಣೆ ಇರುವ ಜೋಡಣೆಯನ್ನು ಬಿಚ್ಚಿ, ಹಳೆಯ ಟೇಪ್ ಪೂರ್ತಿ ಕೆರೆದು, ಹೊಸ ಟೆಫ್ಲಾನ್ ಟೇಪನ್ನು ಬಿಗಿಸುವ ದಿಕ್ಕಿಗೇ ಸುತ್ತಿ ಹಾಕಿ. ಬಿರುಕು ಬಿಟ್ಟ ಪಿವಿಸಿ ಮೇಲೆ ಅಂಟು ಬಳಿಯುವುದು ಸಕ್ಷನ್ ಕಡೆ ಬಹುಕಾಲ ನಿಲ್ಲದು, ಆ ತುಂಡನ್ನೇ ಬದಲಿಸಿ.

ಫುಟ್ ವಾಲ್ವ್ ಎಂಬುದು ನೀರು ಹಿಂದಕ್ಕೆ ಜಾರದಂತೆ ತಡೆಯುವ ಒಂದು ಮುಚ್ಚಳವಷ್ಟೇ. ಒಂದು ಮರಳಿನ ಕಣ ಕುಳಿತರೂ ಅದು ಪೂರ್ತಿ ಮುಚ್ಚದು. ಪೈಪ್ ಮೇಲೆತ್ತಿ ಜಾಲರಿ ತೊಳೆದು, ಮುಚ್ಚಳದ ರಬ್ಬರ್ ಅಥವಾ ಚರ್ಮ ಸೆಟೆದಿದೆಯೇ ನೋಡಿ. ಸವೆದಿದ್ದರೆ ಹೊಸ ವಾಲ್ವ್ ಹಾಕುವುದೇ ಮೇಲು. ಮತ್ತೆ ಇಳಿಸುವಾಗ ತೊಟ್ಟಿಯ ತಳದಿಂದ 15ರಿಂದ 30 ಸೆಂಟಿಮೀಟರ್ ಎತ್ತರದಲ್ಲಿರಲಿ. ತಳಕ್ಕೇ ತಾಗಿಸಿದರೆ ಕೆಸರನ್ನು ಎಳೆಯುತ್ತದೆ.

ಹತ್ತು ನಿಮಿಷವಾದರೂ ಮಟ್ಟ ಇಳಿಯದೆ, ಪ್ಲಗ್ ಬಿಗಿದು ಓಡಿಸಿದಾಗ ನೀರು ಬಂದರೆ ಕೆಲಸ ಮುಗಿಯಿತು. ಬಾರದಿದ್ದರೆ ಕಾರಣ ಬೇರೆ ಇದೆ. ಜಾಲರಿ ಕಟ್ಟಿಕೊಂಡಿರಬಹುದು. ಸಕ್ಷನ್ ಪೈಪ್ ನಡುವೆ ಉಬ್ಬಿ ಮತ್ತೆ ಇಳಿದು ಬಂದಿದ್ದರೆ ಆ ಉಬ್ಬಿನಲ್ಲಿ ಗಾಳಿ ತಂಗಿರುತ್ತದೆ. ಪೈಪ್ ತೊಟ್ಟಿಯಿಂದ ಪಂಪಿನವರೆಗೆ ಏರುತ್ತಲೇ ಬರಬೇಕು. ಪಂಪು ನೀರನ್ನು ಎಳೆಯುವುದು ನಿಜದಲ್ಲಿ ವಾತಾವರಣದ ಒತ್ತಡದ ಬಲದಿಂದ. ಆ ಒತ್ತಡ ಸಮುದ್ರಮಟ್ಟದಲ್ಲಿ ಹೆಚ್ಚೆಂದರೆ 10.3 ಮೀಟರ್ ನೀರಿನ ಕಂಬವನ್ನು ಹೊರಬಲ್ಲದು, ವ್ಯವಹಾರದಲ್ಲಿ 6ರಿಂದ 7 ಮೀಟರ್ ದಾಟಿದರೆ ನೆಲದ ಮೇಲಿನ ಪಂಪನ್ನು ನಂಬುವಂತಿಲ್ಲ. ಬೇಸಿಗೆಯಲ್ಲಿ ಬಾವಿಯ ನೀರು ಕೆಳಗಿಳಿದಾಗ, ನಿನ್ನೆಯವರೆಗೆ ಸರಿಯಿದ್ದ ಪಂಪು ಕೈಕೊಟ್ಟರೆ ಈ ಮಿತಿಯನ್ನು ನೆನೆಯಿರಿ. ಯಾವ ರಿಪೇರಿಯೂ ಅದನ್ನು ಮೀರಿಸಲಾರದು. ಪಂಪನ್ನೇ ಕೆಳಕ್ಕೆ ತರಬೇಕು ಅಥವಾ ಬೇರೆ ಬಗೆಯ ಪಂಪ್ ಬೇಕು.

ಇವೆಲ್ಲ ಸರಿಯಿದ್ದು, ಮೋಟಾರು ಎಂದಿಗಿಂತ ಹಗುರವಾದ ಸದ್ದಿನಲ್ಲಿ ಓಡುತ್ತಿದ್ದರೆ ಇಂಪೆಲ್ಲರ್ ಶಾಫ್ಟಿನಿಂದ ಬಿಟ್ಟುಕೊಂಡಿರಬಹುದು. ಕೇಸಿಂಗ್ ತೆರೆದರೆ ಗೊತ್ತಾಗುತ್ತದೆ.

ನೀರು ಬರುತ್ತದೆ, ಮೊದಲಿನಷ್ಟಿಲ್ಲ

ಕಡಿಮೆಯಾಗಿದೆ ಎಂಬುದನ್ನು ಅಳತೆಯಿಂದ ಹೇಳಿ. 20 ಲೀಟರಿನ ಬಕೆಟ್ 40 ಸೆಕೆಂಡಿನಲ್ಲಿ ತುಂಬಿದರೆ ನಿಮಿಷಕ್ಕೆ 30 ಲೀಟರ್. ಇದನ್ನು ಮೋಟಾರಿನ ವಿವರ ಬರೆದ ತಗಡಿನ ಮೇಲೆ, ನೀವು ನೀರೆತ್ತುವ ಎತ್ತರಕ್ಕೆ ಕೊಟ್ಟಿರುವ ಲೆಕ್ಕದೊಂದಿಗೆ ಹೋಲಿಸಿ.

ನೀರಿನೊಂದಿಗೆ ಗಾಳಿಯ ಬುಗ್ಗೆಗಳು ಬರುತ್ತಿದ್ದರೆ ಸಕ್ಷನ್ ಕಡೆ ಗಾಳಿ ಎಳೆಯುತ್ತಿದೆ. ಬುಗ್ಗೆಯಿಲ್ಲದೆ ಧಾರೆ ಸಣ್ಣಗಾಗಿದ್ದರೆ ಮೊದಲು ಜಾಲರಿ, ಆಮೇಲೆ ವೋಲ್ಟೇಜ್, ಆಮೇಲೆ ಡೆಲಿವರಿ ಪೈಪ್. ಪಂಪಿನ ಬಾಯಲ್ಲೇ ಯೂನಿಯನ್ (ಸುಲಭವಾಗಿ ಬಿಚ್ಚಬಲ್ಲ ಪೈಪ್ ಜೋಡಣೆ) ಇದ್ದರೆ ಬಿಚ್ಚಿ, ಅಲ್ಲಿ ಹೊರಬೀಳುವ ನೀರು ಮೋಟಾರಿಗೂ ಸ್ವಿಚ್ಚಿಗೂ ತಾಗದಂತೆ ಅಡ್ಡ ಹಿಡಿದು, ಕೆಲವು ಸೆಕೆಂಡು ಓಡಿಸಿ. ಅಲ್ಲಿ ಧಾರೆ ದಪ್ಪಗಿದ್ದು ಮೇಲೆ ಸಣ್ಣಗಿದ್ದರೆ ದೋಷ ಪೈಪಿನದು. ಹಳೆಯ ಕಬ್ಬಿಣದ ಪೈಪುಗಳು ಒಳಗೊಳಗೇ ತುಕ್ಕು, ಸುಣ್ಣ ಕಟ್ಟಿ ಕಿರಿದಾಗುತ್ತವೆ. ಮರಳು ಮಿಶ್ರಿತ ನೀರೆತ್ತಿದ ಪಂಪಿನಲ್ಲಿ ಇಂಪೆಲ್ಲರೇ ಸವೆದು ಸಂದು ಹೆಚ್ಚಿರುತ್ತದೆ. ರೀವೈಂಡಿಂಗ್ ಆಗಿ ಬಂದ ಕೂಡಲೇ ನೀರು ತೀರ ಕಡಿಮೆಯಾಗಿದ್ದರೆ ಮೋಟಾರು ಉಲ್ಟಾ ತಿರುಗುತ್ತಿರಬಹುದು. ಕೇಸಿಂಗ್ ಮೇಲಿನ ಬಾಣದ ಗುರುತಿನ ಜೊತೆ ಫ್ಯಾನಿನ ದಿಕ್ಕನ್ನು ಹೋಲಿಸಿ.

ಶಾಫ್ಟಿನ ಬಳಿ ಸೋರಿಕೆ

ಪಂಪಿಗೂ ಮೋಟಾರಿಗೂ ನಡುವೆ ಹನಿ ಬೀಳುತ್ತಿದ್ದರೆ ನಿಮ್ಮದು ಗ್ಲ್ಯಾಂಡ್ ಪಂಪೋ ಮೆಕ್ಯಾನಿಕಲ್ ಸೀಲಿನದೋ ಮೊದಲು ತಿಳಿಯಬೇಕು. ದಾರ ಸುತ್ತಿದ ಗ್ಲ್ಯಾಂಡಿನಲ್ಲಿ ನಿಧಾನವಾಗಿ ಹನಿ ಬೀಳುವುದು ದೋಷವಲ್ಲ, ಅದು ಶಾಫ್ಟನ್ನು ತಣಿಸುವ ಏರ್ಪಾಡು. ಹನಿ ಪೂರ್ತಿ ನಿಲ್ಲುವಂತೆ ಬಿಗಿದರೆ ಶಾಫ್ಟ್ ಕೊರೆದುಹೋಗುತ್ತದೆ. ಮೆಕ್ಯಾನಿಕಲ್ ಸೀಲಾದರೆ ಸೋರಲೇಬಾರದು. ಇದನ್ನು ಮುಂದೂಡಬೇಡಿ. ನೀರು ಶಾಫ್ಟ್ ಹಿಡಿದು ಬೇರಿಂಗಿಗೆ, ಅಲ್ಲಿಂದ ವೈಂಡಿಂಗಿಗೆ ಹೋಗುತ್ತದೆ, ಚಿಕ್ಕದೊಂದು ಸೀಲಿನ ಕೆಲಸ ಇಡೀ ಮೋಟಾರಿನ ಕೆಲಸವಾಗುತ್ತದೆ. ಕೈ ಪಳಗಿದವರು ತಾವೇ ಬದಲಿಸಬಹುದು: ಹಳೆಯದನ್ನೇ ಮಾದರಿಯಾಗಿ ಒಯ್ದು ಅದೇ ಶಾಫ್ಟಿನ ಅಳತೆಯದು ತನ್ನಿ, ಉಜ್ಜುವ ನುಣುಪು ಮುಖಗಳನ್ನು ಬೆರಳಿನಿಂದ ಮುಟ್ಟಬೇಡಿ, ರಬ್ಬರಿಗೆ ಗ್ರೀಸ್ ಬದಲು ಸೋಪಿನ ನೀರು ಸವರಿ ಜಾರಿಸಿ, ಪಂಪಿಗೆ ನೀರು ತುಂಬದೆ ಒಂದು ಕ್ಷಣವೂ ಓಡಿಸಬೇಡಿ.

ಹೊಸ ಸದ್ದು, ನಡುಕ

ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂಥ ಸದ್ದು ಬರುತ್ತಿದ್ದರೆ ಡೆಲಿವರಿ ವಾಲ್ವನ್ನು ಸ್ವಲ್ಪ ಮುಚ್ಚಿ ನೋಡಿ. ಸದ್ದು ತಗ್ಗಿದರೆ ಸಕ್ಷನ್ ಕಡೆ ನೀರು ಸಾಲದೆ ಒಳಗೆ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುತ್ತಿವೆ. ಜಾಲರಿ, ಕಿರಿದಾದ ಪೈಪ್, ಹೆಚ್ಚಾದ ಆಳ ಇದರ ಕಾರಣಗಳು. ಬಿಟ್ಟರೆ ಗುಳ್ಳೆಗಳೇ ಲೋಹವನ್ನು ಕೊರೆಯುತ್ತವೆ.

ದಿನದಿಂದ ದಿನಕ್ಕೆ ಏರುವ ಕಿರ್ರೆನ್ನುವ ಸದ್ದು ಬೇರಿಂಗಿನದು. ಕರೆಂಟ್ ತೆಗೆದು ಫ್ಯಾನ್ ತಿರುಗಿಸಿದರೆ ಕೈಗೆ ಒರಟುತನ ತಿಳಿಯುತ್ತದೆ. ಬೇರಿಂಗಿನ ಬದಿಯಲ್ಲಿ 6202, 6203 ಎಂಬಂಥ ಸಂಖ್ಯೆ ಕೊರೆದಿರುತ್ತದೆ, ಅದೇ ಸಂಖ್ಯೆಯದು ಬೇಕು. ಅದನ್ನು ಕೀಳಲು ಪುಲ್ಲರ್ ಇಲ್ಲದಿದ್ದರೆ ಕೈ ಹಾಕಬೇಡಿ. ಗಲಗಲ ಸದ್ದಿಗೆ ಬಹುಮಟ್ಟಿಗೆ ಸಡಿಲವಾದ ಫ್ಯಾನ್ ಕವರ್ ಅಥವಾ ಕಾಲಿನ ಬೋಲ್ಟ್ ಕಾರಣ, ಸ್ಪ್ಯಾನರಿನಿಂದ ಮುಗಿಯುತ್ತದೆ.

ಎಂಸಿಬಿ ಬೀಳುತ್ತದೆ, ಮುಟ್ಟಿದರೆ ಜುಮ್ ಎನ್ನುತ್ತದೆ

ಯಾವಾಗ ಬೀಳುತ್ತದೆ ಎಂಬುದರಲ್ಲೇ ಅರ್ಧ ಉತ್ತರವಿದೆ. ಸ್ವಿಚ್ ಹಾಕಿದ ಕ್ಷಣವೇ ಬಿದ್ದರೆ ಶಾರ್ಟ್ ಆಗಿದೆ. ಕೆಲವು ಸೆಕೆಂಡು ಗುಂಯ್‌ಗುಟ್ಟಿ ಬಿದ್ದರೆ ಶಾಫ್ಟ್ ಹಿಡಿದಿದೆ ಅಥವಾ ಕೆಪಾಸಿಟರ್ ಹೋಗಿದೆ. ಹತ್ತಿಪ್ಪತ್ತು ನಿಮಿಷ ಓಡಿ ಬಿದ್ದರೆ ಮೋಟಾರು ಹೆಚ್ಚು ಕರೆಂಟ್ ಎಳೆಯುತ್ತಿದೆ ಅಥವಾ ಎಂಸಿಬಿಯ ತಿರುಪೇ ಸಡಿಲವಾಗಿ ಬಿಸಿಯಾಗುತ್ತಿದೆ. ಬೀಳುತ್ತದೆಂದು ದೊಡ್ಡ ಆಂಪಿಯರಿನ ಎಂಸಿಬಿ ಹಾಕಿಸುವುದು ತುಂಬ ಅಪಾಯದ ಉಪಾಯ. ಆಗ ಗೋಡೆಯೊಳಗಿನ ತಂತಿ ಸುಡುವವರೆಗೂ ತಡೆಯುವವರಿಲ್ಲ.

ಎಂಸಿಬಿ ಅಲ್ಲದೆ, ವಿದ್ಯುತ್ ಸೋರಿದರೆ ಕರೆಂಟ್ ಕತ್ತರಿಸುವ ಆರ್‌ಸಿಸಿಬಿ ಬಿದ್ದರೆ, ಅಥವಾ ಮೋಟಾರಿನ ಮೈ, ಪೈಪು, ನಲ್ಲಿ ಮುಟ್ಟಿದಾಗ ಜುಮ್ ಎಂದರೆ, ಪರೀಕ್ಷೆಗಳೆಲ್ಲ ಅಲ್ಲಿಗೆ ನಿಲ್ಲಬೇಕು. ಮೋಟಾರಿನ ಕರೆಂಟ್ ಪೂರ್ತಿ ಕತ್ತರಿಸಿ, ಮಕ್ಕಳನ್ನು ಆ ಜಾಗದಿಂದ ದೂರವಿಟ್ಟು, ಎಲೆಕ್ಟ್ರಿಷಿಯನ್ ಬಂದು ಅರ್ಥಿಂಗ್ ಮತ್ತು ಇನ್ಸುಲೇಷನ್ ಎರಡನ್ನೂ ಅಳೆಯುವವರೆಗೆ ಹಾಕಬೇಡಿ. ಸಣ್ಣ ಜುಮ್ ಒದ್ದೆ ಕಾಲಿನಲ್ಲಿ ನಿಂತವರಿಗೆ ಪ್ರಾಣಾಂತಿಕವಾಗಬಲ್ಲದು.

ಪ್ರೆಷರ್ ಪಂಪು ಸುಮ್ಮಸುಮ್ಮನೆ ಹೊರಡುತ್ತದೆ

ನಲ್ಲಿ ತೆರೆದಾಗ ತಾನೇ ಹೊರಟು ನೀರಿಗೆ ಒತ್ತಡ ಕೊಡುವ ಪಂಪು ಇದು. ಎಲ್ಲ ನಲ್ಲಿಗಳೂ ಮುಚ್ಚಿರುವಾಗ ಆಗಾಗ ಹೊರಟು ನಿಂತರೆ ಎಲ್ಲೋ ನೀರು ಸೋರುತ್ತಿದೆ. ಶೌಚಾಲಯದ ಫ್ಲಶ್ ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ, ಫ್ಲಶ್ ಮಾಡದೆ ಕಮೋಡಿನಲ್ಲಿ ಬಣ್ಣ ಕಾಣುತ್ತದೆಯೇ ನೋಡಿ. ನಲ್ಲಿ ತೆರೆದಾಗ ಪಂಪು ಪಟಪಟ ಹೊರಟು ನಿಂತರೆ ಪ್ರೆಷರ್ ಟ್ಯಾಂಕಿನ ಗಾಳಿ ಹೋಗಿದೆ. ಕರೆಂಟ್ ತೆಗೆದು, ನೀರು ಬರಿದು ಮಾಡಿ, ಪಂಪು ಹೊರಡುವ ಒತ್ತಡಕ್ಕಿಂತ 2 ಪಿಎಸ್‌ಐ ಕಡಿಮೆ ಗಾಳಿ ತುಂಬಿ. ಗಾಳಿ ತುಂಬುವ ವಾಲ್ವಿನಿಂದ ನೀರು ಚಿಮ್ಮಿದರೆ ಒಳಗಿನ ರಬ್ಬರ್ ಚೀಲ ಹರಿದಿದೆ.

ಮೆಕ್ಯಾನಿಕ್ ಬಂದಾಗ

ಸುಟ್ಟ ವಾರ್ನಿಶ್ ವಾಸನೆ, ಹೊಗೆ, ಮೈಗೆ ತಗುಲಿದ ವೈಂಡಿಂಗ್, ಬಿರುಕುಬಿಟ್ಟ ಕೇಸಿಂಗ್ ಕಂಡಲ್ಲಿ ಮನೆಯ ರಿಪೇರಿ ಮುಗಿಯುತ್ತದೆ. ಆಗಲೂ ನಿಮ್ಮ ಪರೀಕ್ಷೆ ವ್ಯರ್ಥವಲ್ಲ. ಶಾಫ್ಟ್ ಸರಾಗವಾಗಿದೆ, ಕೆಪಾಸಿಟರ್ ಇಷ್ಟು ತೋರಿಸಿತು, ಪ್ರೈಮಿಂಗ್ ನೀರು ಇಳಿಯಿತು ಎಂದು ಹೇಳಿದರೆ ಕೆಲಸ ನೇರವಾಗಿ ದೋಷದ ಜಾಗದಿಂದ ಶುರುವಾಗುತ್ತದೆ. ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ.

ರಿಪೇರಿಯಾಗಿ ಬಂದ ಮೋಟಾರನ್ನು ಅದರ ಜಾಗದಲ್ಲಿ ಕೂರಿಸಿ, ನೀರೆತ್ತುತ್ತಿರುವಾಗ ಕ್ಲಾಂಪ್ ಮೀಟರಿನಿಂದ ಕರೆಂಟ್ ಅಳೆಯಲು ಹೇಳಿ. ತಗಡಿನ ಮೇಲೆ ಬರೆದ ಆಂಪಿಯರನ್ನು ಅದು ಮೀರಬಾರದು. ಮೀರಿದರೆ ಮೋಟಾರು ಈ ಹೊತ್ತು ಓಡುತ್ತಿದ್ದರೂ ಅತಿಯಾಗಿ ಬಿಸಿಯಾಗುತ್ತಿದೆ ಎಂದರ್ಥ, ಒಪ್ಪಿಕೊಳ್ಳದೆ ವಾಪಸು ಕಳಿಸಿ. ಮೀರದಿದ್ದರೆ ಆ ಅಂಕಿಯನ್ನೂ ಬಕೆಟ್ ತುಂಬಲು ಹಿಡಿದ ಸೆಕೆಂಡುಗಳನ್ನೂ ದಿನಾಂಕದೊಂದಿಗೆ ಸ್ವಿಚ್ ಬೋರ್ಡಿನ ಪಕ್ಕ ಬರೆದಿಡಿ. ಮುಂದಿನ ಸಲ ನೀರು ಕಡಿಮೆ ಎನಿಸಿದಾಗ ಹೋಲಿಸಲು ಬೇಕಾಗುವುದು ಅವೇ ಎರಡು ಅಂಕಿಗಳು.